ಹದಿನಾರು ತಾಸಿನ ಆ ವಿಮಾನ ಎಲ್ಲಿದೆ?

ಸಂಪಾದಕರಿಗೆ ನಮಸ್ಕಾರ.

ನಾನು ಕಲಬುರಗಿಯಲ್ಲಿ ಬಾಡಿಗೆ ಕಾರು ಓಡಿಸುತ್ತೇನೆ. ಊರೊಳಗಿನ ಬಾಡಿಗೆ ಕಡಿಮೆ. ಜಾಸ್ತಿ ಕೆಲಸ ಅಂದರೆ ಹೈದರಾಬಾದಿನ ಶಂಶಾಬಾದ್ ವಿಮಾನ ನಿಲ್ದಾಣಕ್ಕೆ ಮಂದಿಯನ್ನು ಬಿಡುವುದು, ಅಲ್ಲಿ ಇಳಿದವರನ್ನು ಕರೆದುಕೊಂಡು ಬರುವುದು. ಪೇಪರಿಗೆ ಪತ್ರ ಬರೆಯುವ ಚಾಳಿ ನನಗಿಲ್ಲ. ಆದರೆ ಹೋದ ವಾರ ನಿಮ್ಮ ಪತ್ರಿಕೆಯ ಒಳಪುಟದಲ್ಲಿ ಒಂದು ಸಣ್ಣ ಚೌಕ ಬಂದಿತ್ತು. ಹೈದರಾಬಾದಿನಿಂದ ಅಮೆರಿಕದ ಡಲ್ಲಾಸ್‌ಗೆ 14,400 ಕಿ.ಮೀ., ವಿಮಾನದಲ್ಲಿ 16 ಗಂಟೆ. ಅಷ್ಟೇ, ಎರಡು ಸಾಲು. ಆ ಎರಡು ಸಾಲಿನಿಂದ ನಮ್ಮ ಓಣಿಯಲ್ಲಿ ನಾನು ಸುಳ್ಳುಗಾರ ಆದೆ.

ಆದದ್ದು ಹೀಗೆ. ನಮ್ಮ ಓಣಿಯ ಅಕ್ಕಾರೊಬ್ಬರ ಮಗ ಡಲ್ಲಾಸ್‌ನಲ್ಲಿದ್ದಾನೆ. ಅವರು ಮುಂದಿನ ತಿಂಗಳು ಮೊದಲ ಸಲ ಅಲ್ಲಿಗೆ ಹೊರಟಿದ್ದಾರೆ. ನಾನು ಅವರಿಗೆ, ಮನೆ ಬಾಗಿಲಿನಿಂದ ಡಲ್ಲಾಸ್ ನಿಲ್ದಾಣದ ಹೊರಬಾಗಿಲಿಗೆ 32 ತಾಸು ಹಿಡಿಯುತ್ತದೆ, ಬಿಪಿ ಗುಳಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಿ, ರೊಟ್ಟಿ ಅದರ ಲೆಕ್ಕದಲ್ಲಿ ಕಟ್ಟಿಕೊಳ್ಳಿ ಎಂದು ಹೇಳಿದ್ದೆ. ಅವರು ನಿಮ್ಮ ಪೇಪರ್ ಹಿಡಿದುಕೊಂಡೇ ಬಂದರು. "ಏನೋ ತಮ್ಮಾ, ಪೇಪರ್‌ದಾಗ ಹದಿನಾರು ತಾಸು ಅಂತ ಬಂದದ. ನೀ ಮೂವತ್ತೆರಡು ಅಂತಿ. ಬರೋಬ್ಬರಿ ಡಬಲ್ ಮಾಡಿ ಹೇಳಿ ನನಗ ಹೆದರಸ್ತಿ ಏನು?" ನಾನು ಏನೇ ಹೇಳಿದರೂ ಅವರು ಮತ್ತೆ ಆ ಚೌಕದ ಮೇಲೇ ಬೆರಳಿಟ್ಟರು. ಅಚ್ಚಾದ ಅಕ್ಷರದ ಮುಂದೆ ಡ್ರೈವರ್ ಮಾತು ನಡೆಯುತ್ತಾ?

ನಿಮ್ಮ ಅಂಕಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. 14,400 ಸರಿಯೇ ಇದೆ. 16 ಎಲ್ಲಿಂದ ಬಂತು ಅಂತಲೂ ಗೊತ್ತಾಯಿತು. ದೊಡ್ಡ ವಿಮಾನ ಮೇಲೆ ಹೋದ ಮೇಲೆ ತಾಸಿಗೆ 900 ಕಿ.ಮೀ. ಆಸುಪಾಸು ಓಡುತ್ತದೆ. 14,400 ಅನ್ನು 900ರಿಂದ ಭಾಗಿಸಿ, ಬರೋಬ್ಬರಿ 16. ಭಾಗಾಕಾರ ತಪ್ಪಿಲ್ಲ. ತಪ್ಪಿರುವುದು ಏನೆಂದರೆ, ಆ ವಿಮಾನವೇ ಇಲ್ಲ. ಹೈದರಾಬಾದಿನಲ್ಲಿ ಹತ್ತಿ, ಎಲ್ಲೂ ಇಳಿಯದೆ ಡಲ್ಲಾಸ್‌ನಲ್ಲಿ ಇಳಿಯುವ ವಿಮಾನ ಯಾರೂ ಓಡಿಸುತ್ತಿಲ್ಲ. ನಮ್ಮ ಮಂದಿ ದೋಹಾ, ದುಬೈ, ಅಬುಧಾಬಿ ಇಲ್ಲವೇ ಯುರೋಪಿನ ಯಾವುದೋ ಊರಿನಲ್ಲಿ ಇಳಿದು, ಇನ್ನೊಂದು ವಿಮಾನ ಹತ್ತಿಯೇ ಹೋಗುವುದು.

ಆ 14,400 ಅನ್ನುವುದೂ ಒಂದು ಮಜಾ ಲೆಕ್ಕ. ಶಂಶಾಬಾದ್ ಪಾರ್ಕಿಂಗಿನಲ್ಲಿ ತಾಸುಗಟ್ಟಲೆ ಕೂತು ಕೂತು ಫೋನಿನಲ್ಲಿ ಇದನ್ನೆಲ್ಲ ಓದಿದ್ದೇನೆ, ಸುಮ್ನೆ ಹೇಳುತ್ತಿಲ್ಲ. ಶಾಲೆಯ ಗೋಡೆಯ ಮೇಲಿನ ನಕ್ಷೆ ನೋಡಿದರೆ ಹೈದರಾಬಾದಿನಿಂದ ಪಶ್ಚಿಮಕ್ಕೆ ಗೆರೆ ಎಳೆದು, ಅರಬ್ಬೀ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿ ಡಲ್ಲಾಸ್ ಮುಟ್ಟಬೇಕು ಅನಿಸುತ್ತದೆ. ಭೂಮಿ ಚಪ್ಪಟೆ ಇದ್ದಿದ್ದರೆ ಅದೇ ಹತ್ತಿರದ ದಾರಿ. ನನ್ನ ಮಗಳು ಒಂಬತ್ತನೇ ತರಗತಿ. ಅವಳಿಗೆ ತೋರಿಸೋಣ ಅಂತ ಈ ಬೇಸಿಗೆಯಲ್ಲಿ ಸೇಡಂ ರಸ್ತೆಯಲ್ಲಿ ಒಂದು ಗುಂಡನೆಯ ಕಲ್ಲಂಗಡಿ ಕೊಂಡು ತಂದೆ. ಪೆನ್ನಿನಿಂದ ಎರಡು ಊರಿನ ಗುರುತು ಹಾಕಿದೆವು, ಉತ್ತರ ಧ್ರುವಕ್ಕೆ ಅಂತ ತೊಟ್ಟಿನ ಹತ್ತಿರ ಇನ್ನೊಂದು ಚುಕ್ಕೆ ಇಟ್ಟೆವು. ಆಮೇಲೆ ಒಂದು ದಾರ ಹಿಡಿದು ಬಿಗಿ ಎಳೆದರೆ, ದಾರ ಪಶ್ಚಿಮಕ್ಕೆ ಹೋಗಲೇ ಇಲ್ಲ. ಹೈದರಾಬಾದಿನಿಂದ ಸೀದಾ ಮೇಲಕ್ಕೆ ಜಾರಿ, ತೊಟ್ಟಿನ ಪಕ್ಕದಲ್ಲೇ ಹಾದು ಆ ಕಡೆ ಇಳಿಯಿತು. ಅಂದರೆ ದೆಹಲಿ ದಾಟಿ, ಹಿಮಾಲಯ ದಾಟಿ, ಸೈಬೀರಿಯಾ ದಾಟಿ, ಉತ್ತರ ಧ್ರುವಕ್ಕೆ ಹೆಚ್ಚುಕಡಿಮೆ 500 ಕಿ.ಮೀ. ಹತ್ತಿರ ಹೋಗಿ, ಕೆನಡಾ ಮೇಲಿಂದ ಕೆಳಗೆ ಇಳಿದರೆ 14,400. ನಮ್ಮ ಹಣೆಗೂ ಡಲ್ಲಾಸ್‌ನವರ ಹಣೆಗೂ ನಡುವೆ ಭೂಮಿಯ ನೆತ್ತಿ ಇದೆ ಅನ್ನಿ. ಪ್ರಯೋಗ ಮುಗಿದ ಮೇಲೆ ಹಣ್ಣು ಕೊಯ್ದರೆ ಒಳಗೆ ಬಿಳಿ, ಆ ಮಾತು ಬೇರೆ.

ಇನ್ನೊಂದು ಗೊತ್ತಾದದ್ದು, ಭೂಮಿಯ ಸುತ್ತಳತೆ 40,000 ಕಿ.ಮೀ. ಚಿಲ್ಲರೆ. ಹಾಗಾಗಿ ಕಲಬುರಗಿಯಿಂದ ಯಾವ ಊರೂ 20,000 ಕಿ.ಮೀ.ಗಿಂತ ದೂರ ಇರಲು ಸಾಧ್ಯವೇ ಇಲ್ಲ, ಅದಕ್ಕಿಂತ ಮುಂದೆ ಹೋದರೆ ಆ ಕಡೆಯಿಂದ ನಮ್ಮೂರಿಗೇ ವಾಪಸ್ ಬರುತ್ತೀವಿ. ಬರೋಬ್ಬರಿ ನಮ್ಮ ಪಾದದ ಕೆಳಗಿರುವುದು ಪೆಸಿಫಿಕ್ ಸಾಗರದ ನೀರು, ಅಲ್ಲಿಗೆ ಯಾರ ಬಾಡಿಗೆಯೂ ಬರುವುದಿಲ್ಲ.

ಈಗ ದೋಹಾ ಮೇಲಿಂದ ಹೋಗುವವರ ಲೆಕ್ಕ ನೋಡಿ. ಹೈದರಾಬಾದಿನಿಂದ ದೋಹಾಕ್ಕೆ ಸುಮಾರು 2,900 ಕಿ.ಮೀ. ದೋಹಾದಿಂದ ಡಲ್ಲಾಸ್‌ಗೆ ಸುಮಾರು 12,700. ಕೂಡಿಸಿದರೆ 15,600. ನಿಮ್ಮ ಚೌಕದ ದೂರಕ್ಕಿಂತ ಬರೀ 1,200 ಕಿ.ಮೀ. ಜಾಸ್ತಿ. ದೂರದಲ್ಲಿ ಅಂಥ ಫರಕ್ ಇಲ್ಲ, ಆದರೆ ಹೊತ್ತಿನಲ್ಲಿ? ಮೊದಲ ವಿಮಾನ ನಾಲ್ಕೂಕಾಲು ತಾಸು. ದೋಹಾದಲ್ಲಿ ಕಾಯುವುದು ಎರಡು ಎರಡೂಕಾಲು ತಾಸು ಅಂತ ಹಿಡಿಯಿರಿ, ಕೆಲವರ ಟಿಕೆಟ್‌ನಲ್ಲಿ ಅದು ಎಂಟು ತಾಸೂ ಇರುತ್ತದೆ. ಎರಡನೇ ವಿಮಾನ 16 ತಾಸು. ಇಲ್ಲಿಗೇ 22 ತಾಸು ದಾಟಿತು. ಇನ್ನೂ ನಾವು ಕಲಬುರಗಿಯಿಂದ ಹೊರಟಿಲ್ಲ, ಡಲ್ಲಾಸ್‌ನಲ್ಲಿ ಸಾಲಿನಲ್ಲಿ ನಿಂತಿಲ್ಲ, ಪೆಟ್ಟಿಗೆ ಬಂದಿಲ್ಲ.

ಟಿಕೆಟ್ ಮೇಲೆ ಬರೆದ ತಾಸು ಕೂಡ ಹಾರುವ ತಾಸಲ್ಲ. ವಿಮಾನ ಗೇಟ್ ಬಿಟ್ಟು ಹಿಂದಕ್ಕೆ ಸರಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ಗೇಟಿಗೆ ಬಂದು ನಿಲ್ಲುವವರೆಗಿನ ಹೊತ್ತು ಅದು. ನೆಲದ ಮೇಲೆ ತೆವಳುವುದು, ಸರದಿಗೆ ನಿಲ್ಲುವುದು, ನಿಧಾನ ಏರುವುದು, ಇಳಿಯುವ ಮುಂಚೆ ಸುತ್ತು ಹೊಡೆಯುವುದು ಎಲ್ಲ ಅದರಲ್ಲೇ ಬಂತು. ಹೈದರಾಬಾದ್ ದುಬೈ ನಡುವೆ 2,550 ಕಿ.ಮೀ. ನಿಮ್ಮ ಹಾಗೆ 900ರಿಂದ ಭಾಗಿಸಿದರೆ ಮೂರು ತಾಸೂ ಆಗುವುದಿಲ್ಲ. ಟಿಕೆಟ್ ನೋಡಿ, ಹೋಗುವಾಗ ನಾಲ್ಕು ತಾಸಿನ ಆಸುಪಾಸು ಇರುತ್ತದೆ. ನಾನೂ ಸೇಡಂ ರಸ್ತೆಯಲ್ಲಿ 90ರಲ್ಲಿ ಓಡಿಸುತ್ತೇನೆ, ಹಾಗಂತ ಶಂಶಾಬಾದ್‌ವರೆಗಿನ 220 ಕಿ.ಮೀ. ಎರಡೂವರೆ ತಾಸಿಗೆ ಮುಗಿಯುತ್ತಾ? ಮಳಖೇಡದಲ್ಲಿ ಟ್ರ್ಯಾಕ್ಟರ್ ಅಡ್ಡ ಬರುತ್ತದೆ, ಸೇಡಂ ಹತ್ತಿರ ಸಿಮೆಂಟ್ ಲಾರಿ ಸಾಲು, ಕೊಡಂಗಲ್‌ನಲ್ಲಿ ಚಹಾ ಬೇಕೇ ಬೇಕು.

ಹೋಗುವಾಗ ನಾಲ್ಕು ಅಂದೆ. ಅದೇ ದುಬೈಯಿಂದ ಬರುವಾಗ ಮೂರೂವರೆ ತಾಸು. ಡಲ್ಲಾಸ್‌ಗೆ ದೋಹಾದಿಂದ ಹೋಗುವಾಗ 16, ಬರುವಾಗ ಹದಿನಾಲ್ಕೂವರೆ. ಊರು ಅವೇ, ವಿಮಾನ ಅದೇ. ಇದಕ್ಕೆ ನನ್ನ ಗಿರಾಕಿಗಳು ಹೇಳುವ ಕಾರಣ ಕೇಳಬೇಕು. ಒಬ್ಬರು ಕೊಡಂಗಲ್‌ನಿಂದ ಪರಿಗಿವರೆಗೂ ವಾದ ಮಾಡಿದರು. ಭೂಮಿ ತಿರುಗುತ್ತದೆ ಅಲ್ವಾ, ವಿಮಾನ ಮೇಲೆದ್ದು ಸುಮ್ಮನೆ ನಿಂತರೂ ಊರೇ ಕೆಳಗೆ ಬಂದುಬಿಡಬೇಕು ಅಂತ. ನಾನು ಕಾರಿನೊಳಗೆ ಸೇರಿಕೊಂಡಿದ್ದ ಒಂದು ನೊಣ ತೋರಿಸಿದೆ. ಸಾಹೇಬರೇ, ಕಾರು ಎಂಬತ್ತರಲ್ಲಿ ಓಡುತ್ತಿದೆ, ಈ ನೊಣ ಗಾಳಿಯಲ್ಲಿ ಹಾರುತ್ತಿದೆ, ಅದು ಹಿಂದಿನ ಗಾಜಿಗೆ ಹೋಗಿ ಬಡಿಯಿತಾ? ಕಾರಿನೊಳಗಿನ ಗಾಳಿ ಕಾರಿನ ಜೊತೆಗೇ ಹೋಗುತ್ತಿದೆ. ಭೂಮಿಯ ಮೇಲಿನ ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ಅವರು ಸ್ವಲ್ಪ ಹೊತ್ತು ನೊಣ ನೋಡಿದರು, ಆಮೇಲೆ ಕಿಟಕಿ ಇಳಿಸಿ ಅದನ್ನು ಹೊರಗೆ ಅಟ್ಟಿದರು.

ನಿಜವಾದ ಕಾರಣ ಮೇಲಿನ ಗಾಳಿ. ನೆಲದಿಂದ 9, 10, 12 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಜೋರು ಗಾಳಿ ಹೊಳೆಯಂತೆ ಹರಿಯುತ್ತದೆ. ಜೆಟ್ ಸ್ಟ್ರೀಮ್ ಅನ್ನುತ್ತಾರೆ. ದಕ್ಷಿಣದ ಬಿಸಿ ಗಾಳಿ, ಉತ್ತರದ ತಣ್ಣನೆ ಗಾಳಿ ಎರಡೂ ಸೇರುವ ಕಡೆ ಹುಟ್ಟುತ್ತದೆ, ಭೂಮಿ ತಿರುಗುವುದರಿಂದ ಅದು ಪೂರ್ವಕ್ಕೆ ತಿರುಗಿಕೊಳ್ಳುತ್ತದೆ. ತಾಸಿಗೆ 100 ಕಿ.ಮೀ. ಮೀರಿ, ಚಳಿಗಾಲದಲ್ಲಿ ಒಮ್ಮೊಮ್ಮೆ 300 ಕಿ.ಮೀ. ಮೀರಿಯೂ ಬೀಸುತ್ತದೆ. ದೊಡ್ಡ ವಿಮಾನಗಳು ಓಡುವುದೂ ಅದೇ ಎತ್ತರದಲ್ಲಿ. ಹೊಳೆಗೆ ಎದುರಾಗಿ ಈಜುವುದಕ್ಕೂ ಹೊಳೆಯ ಜೊತೆ ಈಜುವುದಕ್ಕೂ ಎಷ್ಟು ಫರಕ್ ಅನ್ನುವುದು ಕಾಗಿಣಾದಲ್ಲಿ ಇಳಿದ ಯಾವ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ನನ್ನ ಹೊಟ್ಟೆಪಾಡಿಗೆ ಇದು ಬೇಕಾದ ಮಾಹಿತಿ. ಚಳಿಗಾಲದಲ್ಲಿ ಗಲ್ಫ್‌ನಿಂದ ಬರುವ ವಿಮಾನ ಹೇಳಿದ ವೇಳೆಗಿಂತ ಇಪ್ಪತ್ತು ನಿಮಿಷ ಮುಂಚೆ ಇಳಿದು, ನಾನು ಇನ್ನೂ ಪಾರ್ಕಿಂಗಿನಲ್ಲಿ ಸೀಟು ಚಾಚಿ ಮಲಗಿರುವಾಗಲೇ ಗಿರಾಕಿ ಫೋನ್ ಹಚ್ಚಿ ಬೈದದ್ದಿದೆ.

ಕಲಬುರಗಿ ಬೆಂಗಳೂರು ನಡುವೆ ಈ ಗಾಳಿಯ ಆಟ ಅಷ್ಟಾಗಿ ಇಲ್ಲ, ಯಾಕಂದರೆ ನಾವು ಬೆಂಗಳೂರಿಗೆ ಹೆಚ್ಚುಕಡಿಮೆ ನೇರ ಉತ್ತರಕ್ಕಿದ್ದೇವೆ.

ದೂರದ ಬಗ್ಗೆ ಪೇಪರುಗಳು ಹಿಂದೆಯೂ ಹೀಗೇ ಗೊಂದಲ ಮಾಡಿದ್ದು ನೆನಪಿದೆ. 2021ರ ಜನವರಿಯಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂತು. ಕಾಕ್‌ಪಿಟ್‌ನಲ್ಲಿ ಎಲ್ಲರೂ ಹೆಣ್ಣುಮಕ್ಕಳೇ. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಗಾರರು ಉತ್ತರ ಧ್ರುವದ ಮೇಲಿಂದ ತಂದರು. ಎದೆಯುಬ್ಬುವ ಸುದ್ದಿ, ನನ್ನ ಮಗಳಿಗೆ ಅದರ ಫೋಟೊ ತೋರಿಸಿದ್ದೆ. ಆಗ ಒಂದು ಕಡೆ 14,000 ಕಿ.ಮೀ. ಅಂತ ಬಂತು, ಇನ್ನೊಂದು ಕಡೆ 16,000 ಕಿ.ಮೀ. ಅಂತ ಬಂತು. ಎರಡು ಸಾವಿರ ಕಿ.ಮೀ. ಎಲ್ಲಿಗೆ ಹೋಯಿತು ಅಂತ ಆಗ ತಲೆ ಕೆರೆದುಕೊಂಡಿದ್ದೆ. ಎರಡೂ ಸುಳ್ಳಲ್ಲ. 14,000 ಅನ್ನುವುದು ದಾರ ಎಳೆದು ಅಳೆದ ದೂರ. 16,000 ಅನ್ನುವುದು ವಿಮಾನ ಹಾರಿದ ದಾರಿಯದ್ದು. ಗಾಳಿ ನೋಡಿ, ಹವಾಮಾನ ನೋಡಿ, ಯಾವ ದೇಶದ ಆಕಾಶಕ್ಕೆ ಪರವಾನಗಿ ಇದೆ ನೋಡಿ ಪ್ರತಿ ದಿನ ದಾರಿ ಹಾಕುತ್ತಾರೆ. ಮೀಟರ್ ತಿರುಗುವುದು ಓಡಿದ ದಾರಿಗೆ, ಗೆರೆ ಎಳೆದ ದೂರಕ್ಕಲ್ಲ. ಇದು ಡ್ರೈವರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ಮೈಲಿ ಅನ್ನುವುದಂತೂ ಇನ್ನೊಂದು ಗುಂಡಿ. ವಿಮಾನದವರ ಮೈಲಿ 1.852 ಕಿ.ಮೀ., ರಸ್ತೆಯ ಮೈಲಿ 1.609 ಕಿ.ಮೀ. ಒಬ್ಬರು ಆ ಮೈಲಿ ಬರೆದಿರುತ್ತಾರೆ, ಇನ್ನೊಬ್ಬರು ಈ ಮೈಲಿ ಅಂದುಕೊಂಡು ಕಿ.ಮೀ. ಮಾಡಿರುತ್ತಾರೆ. ಸಾವಿರ ಎರಡು ಸಾವಿರ ಕಿ.ಮೀ. ಅಲ್ಲೇ ಮಾಯ.

ಆಕಾಶಕ್ಕೂ ಗೇಟ್ ಹಾಕುತ್ತಾರೆ ಅನ್ನುವುದು ನನಗೆ 2019ರಲ್ಲಿ ಗೊತ್ತಾಯಿತು. ಆ ವರ್ಷ ಫೆಬ್ರವರಿ ಕೊನೆಯಿಂದ ಜುಲೈ 16ರವರೆಗೆ ಪಾಕಿಸ್ತಾನ ತನ್ನ ಆಕಾಶ ಮುಚ್ಚಿತ್ತು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ನಮ್ಮ ದೇಶದ ವಿಮಾನಗಳಿಗೆ ಮತ್ತೆ ಮುಚ್ಚಿತು. ದೆಹಲಿಯಿಂದ ಯುರೋಪ್, ಅಮೆರಿಕದ ಕಡೆ ಹೋಗುವ ನಮ್ಮ ವಿಮಾನಗಳು ದಕ್ಷಿಣಕ್ಕೆ ಬಳಸಿ ಹೋಗಬೇಕಾಯಿತು, ಕೆಲವು ನಡುವೆ ಇಂಧನಕ್ಕೆ ಇಳಿಯಬೇಕಾಯಿತು. ದೆಹಲಿ ಇದ್ದಲ್ಲೇ ಇತ್ತು, ನ್ಯೂಯಾರ್ಕ್ ಇದ್ದಲ್ಲೇ ಇತ್ತು, ಪ್ರಯಾಣ ಮಾತ್ರ ಉದ್ದ ಆಯಿತು. 2022ರಲ್ಲಿ ರಷ್ಯಾ ಆಕಾಶ ಯುರೋಪಿನವರಿಗೆ ಮುಚ್ಚಿದಾಗ ಫಿನ್ಲೆಂಡ್‌ನ ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತು ಒಂಬತ್ತೂವರೆ ತಾಸು ಹಿಡಿಯುತ್ತಿದ್ದದ್ದು ಹದಿಮೂರು ತಾಸಿಗೆ ಹೋಯಿತು. ಹೀಗಿರುವಾಗ ಕಿ.ಮೀ. ಭಾಗಿಸಿ ತಾಸು ಹೇಳಿದರೆ ಹೇಗೆ ನಡೆಯುತ್ತದೆ?

ಈಗ ನನ್ನದೇ ಒಂದು ಮರ್ಯಾದೆ ಹೋದ ಕಥೆ ಹೇಳುತ್ತೇನೆ, ನಗಬೇಡಿ. ಇದೇ ಅಕ್ಕಾರ ಮಗ ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಊರಿಗೆ ಬರುವವನಿದ್ದ. ಶುಕ್ರವಾರ ಸಂಜೆ ಏಳಕ್ಕೆ ಡಲ್ಲಾಸ್ ಬಿಡುತ್ತೀನಿ, ಒಟ್ಟು ಇಪ್ಪತ್ತು ಇಪ್ಪತ್ತೊಂದು ತಾಸು ಅಂತ ಫೋನಿನಲ್ಲಿ ಹೇಳಿದ್ದ. ಅಕ್ಕಾರು ಬೆರಳೆಣಿಸಿದರು, ನಾನೂ ಎಣಿಸಿದೆ. ಶುಕ್ರವಾರ ಸಂಜೆ ಏಳು ಪ್ಲಸ್ ಇಪ್ಪತ್ತು, ಶನಿವಾರ ಮಧ್ಯಾಹ್ನ ಮೂರು. ಬೆಳಿಗ್ಗೆ ಒಂಬತ್ತಕ್ಕೇ ಹೊರಟೆವು. ಅಕ್ಕಾರು ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿಕೊಂಡಿದ್ದರು, ಮಗ ಕಾರು ಹತ್ತುತ್ತಲೇ ತಿನ್ನಲಿ ಅಂತ. ಮೂರಾಯಿತು, ನಾಲ್ಕಾಯಿತು, ಐದಾಯಿತು. ಆಚೆ ಬರುವ ಬಾಗಿಲು ನೋಡಿ ನೋಡಿ ಅಕ್ಕಾರ ಕಣ್ಣು ತುಂಬಿ ಬಂತು. ಮಗನ ಫೋನ್ ಬಂದ್. ಅವರ ಮನಸ್ಸಿಗೆ ಏನೇನೋ ಬಂದಿರಬೇಕು, ನನ್ನ ಕೈ ಹಿಡಿದುಕೊಂಡು "ಏನಾಗ್ಯದೋ ತಮ್ಮಾ, ಯಾರಿಗರೆ ಕೇಳೋ" ಅಂದರು. ಕೊನೆಗೆ ಒಳಗೆ ಕೆಲಸ ಮಾಡುವ ಒಬ್ಬ ಹುಡುಗನನ್ನು ಕೇಳಿದೆ. ಅವನು ನಕ್ಕು, ಅಣ್ಣಾ ಅದು ನಾಳೆ ನಸುಕಿನ ಎರಡಕ್ಕೆ ಬರುತ್ತದೆ ಅಂದ.

ನಾವು ಕೂಡಿಸಿದ್ದು ಡಲ್ಲಾಸ್ ಗಡಿಯಾರಕ್ಕೆ. ಅಲ್ಲಿ ಶುಕ್ರವಾರ ಸಂಜೆ ಏಳು ಆದಾಗ ನಮ್ಮಲ್ಲಿ ಆಗಲೇ ಶನಿವಾರ ಬೆಳಗಿನ ಐದೂವರೆ. ಅಲ್ಲಿಂದ ಇಪ್ಪತ್ತೂವರೆ ತಾಸು ಎಣಿಸಿ, ಭಾನುವಾರ ನಸುಕಿನ ಎರಡು. ಹನ್ನೊಂದು ತಾಸು ಕಾದೆವು. ಹೋಳಿಗೆ ನಾವೇ ತಿಂದೆವು, ಪಾರ್ಕಿಂಗ್ ರೊಕ್ಕ ನಾನು ಕೇಳಲಿಲ್ಲ.

ಹೋಗುವಾಗ ಇದರ ತದ್ವಿರುದ್ಧ. ಬುಧವಾರ ನಸುಕಿನ ನಾಲ್ಕಕ್ಕೆ ಹೈದರಾಬಾದ್ ಬಿಟ್ಟವರು ಅದೇ ಬುಧವಾರ ಸಂಜೆ ನಾಲ್ಕಕ್ಕೆ ಡಲ್ಲಾಸ್‌ನಲ್ಲಿ ಇಳಿಯುತ್ತಾರೆ. ಗಡಿಯಾರ ನೋಡಿದರೆ ಹನ್ನೆರಡೇ ತಾಸು, ಮೈಗೆ ಇಪ್ಪತ್ತೆರಡೂವರೆ. ಬರುವಾಗ ಶುಕ್ರವಾರ ಸಂಜೆಯಿಂದ ಭಾನುವಾರ ನಸುಕು, ಗಡಿಯಾರಕ್ಕೆ ಮೂವತ್ತೊಂದು, ಮೈಗೆ ಇಪ್ಪತ್ತೂವರೆ. ಇದರ ಮೇಲೆ ಅವರು ವರ್ಷಕ್ಕೆ ಎರಡು ಸಲ ಗಡಿಯಾರ ಹಿಂದೆ ಮುಂದೆ ಮಾಡುತ್ತಾರೆ, ಮಾರ್ಚ್‌ನಲ್ಲಿ ಒಮ್ಮೆ, ನವೆಂಬರ್‌ನಲ್ಲಿ ಒಮ್ಮೆ. ಬೇಸಿಗೆಯಲ್ಲಿ ನಮಗೂ ಡಲ್ಲಾಸ್‌ಗೂ ಹತ್ತೂವರೆ ತಾಸಿನ ಅಂತರ, ಚಳಿಗಾಲದಲ್ಲಿ ಹನ್ನೊಂದೂವರೆ. ಆಗಿನಿಂದ ನಾನು ಯಾರನ್ನೂ ಎಷ್ಟು ತಾಸು ಅಂತ ಕೇಳುವುದೇ ಇಲ್ಲ. ವಿಮಾನದ ನಂಬರ್ ಕೊಡಿ, ಹೈದರಾಬಾದಿನಲ್ಲಿ ಇಳಿಯುವ ತಾರೀಕು ಕೊಡಿ ಅನ್ನುತ್ತೇನೆ. ವಿಮಾನ ಎಲ್ಲಿದೆ ಅಂತ ತೋರಿಸುವ ಆ್ಯಪ್ ಫೋನಿನಲ್ಲಿದೆ. ವಿಮಾನ ಅರಬ್ಬೀ ಸಮುದ್ರದ ಮೇಲೆ ಬಂದಾಗ ನಾನು ಕೊಡಂಗಲ್‌ನಲ್ಲಿ ಚಹಾ ಕುಡಿದರೆ ಲೆಕ್ಕ ಸರಿ ಇದೆ ಅಂತ ಅರ್ಥ.

ತಾರೀಕಿನ ಇನ್ನೊಂದು ಮೋಸ ಇದೆ, ಇದನ್ನು ದಯವಿಟ್ಟು ದಪ್ಪ ಅಕ್ಷರದಲ್ಲಿ ಹಾಕಿ. ಗಲ್ಫ್ ಕಡೆಯ ಎಷ್ಟೋ ವಿಮಾನ ನಡುರಾತ್ರಿ ಆದ ಮೇಲೆ ಹೊರಡುತ್ತವೆ. ಟಿಕೆಟ್ ಮೇಲೆ 15ನೇ ತಾರೀಕು, ರಾತ್ರಿ 12:40 ಅಂತ ಇರುತ್ತದೆ. ಮಂದಿ 15ರ ರಾತ್ರಿ ಗಂಟು ಕಟ್ಟಿಕೊಂಡು ಕೂಡುತ್ತಾರೆ. ವಿಮಾನ ಹಿಂದಿನ ರಾತ್ರಿಯೇ ಹೋಗಿರುತ್ತದೆ. 15ರ ವಿಮಾನಕ್ಕೆ 14ರ ಸಂಜೆ ನಾಲ್ಕೂವರೆಗೆಲ್ಲ ಕಲಬುರಗಿ ಬಿಡಬೇಕು. ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೊರಟಿದ್ದ ಒಂದು ಮನೆಯವರು ಹೀಗೆ ಮೋಸ ಹೋಗಿ ಹಿರಿಯರೆಲ್ಲ ಅಳುತ್ತಾ ಕೂತದ್ದು ನೋಡಿದ್ದೇನೆ. ಹೈದರಾಬಾದಿನಿಂದ ಜೆಡ್ಡಾಕ್ಕೆ ಸುಮಾರು 4,100 ಕಿ.ಮೀ. ಅಂತ ಅವರಿಗೆ ಗೊತ್ತಿತ್ತು, ಬೇಕಾಗಿದ್ದ ಮಾಹಿತಿ ಅದಲ್ಲ.

ಇನ್ನು ನಮ್ಮ ಕಡೆಯ ಲೆಕ್ಕ. ಇದೇ ನನಗೆ ಹೆಚ್ಚು ಉರಿಯುವುದು. ಕಲಬುರಗಿಯಿಂದ ಶಂಶಾಬಾದ್‌ಗೆ ಗೆರೆ ಎಳೆದರೆ 170 ಕಿ.ಮೀ., ರಸ್ತೆಯಲ್ಲಿ 220ರ ಆಸುಪಾಸು. ಚಹಾ, ಗೇಟು, ಲಾರಿ ಎಲ್ಲ ಸೇರಿ ಐದು ತಾಸು. ಶಂಶಾಬಾದ್‌ನಿಂದ ದೋಹಾಕ್ಕೆ 2,900 ಕಿ.ಮೀ., ನಾಲ್ಕೂಕಾಲು ತಾಸು. ಅಂದರೆ ಕಲಬುರಗಿಯವನಿಗೆ ಅರಬ್ಬೀ ಸಮುದ್ರ ದಾಟುವುದಕ್ಕಿಂತ ಕೊಡಂಗಲ್ ದಾಟುವುದಕ್ಕೇ ಜಾಸ್ತಿ ಹೊತ್ತು ಬೇಕು! ಅದರ ಮೇಲೆ ಮೂರು ತಾಸು ಮುಂಚೆ ನಿಲ್ದಾಣದಲ್ಲಿರಬೇಕು. ವಿಮಾನ ನೋಡುವ ಮುಂಚೆಯೇ ಎಂಟು ತಾಸು ಹೋಯಿತು. ಐದು, ಮೂರು, ದೋಹಾವರೆಗೆ ನಾಲ್ಕೂಕಾಲು, ಅಲ್ಲಿ ಎರಡೂಕಾಲು, ಆಮೇಲೆ 16, ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು ಮತ್ತು ಪೆಟ್ಟಿಗೆಗೆ ಒಂದೂವರೆ. ಕೂಡಿಸಿ ನೋಡಿ. ನಾನು ಅಕ್ಕಾರಿಗೆ ಡಬಲ್ ಮಾಡಿ ಹೇಳಿರಲಿಲ್ಲ.

ಮತ್ತೆ ನಾನು ಹೋಗುವ ದಾರಿ ಯಾವುದು ಹೇಳಿ? ಸೇಡಂ ರಸ್ತೆ. ಊರು ಬಿಟ್ಟು ಹದಿನಾಲ್ಕು ಕಿ.ಮೀ. ಹೋಗುತ್ತಲೇ ಶ್ರೀನಿವಾಸ ಸರಡಗಿ ಹತ್ತಿರ ನಮ್ಮದೇ ವಿಮಾನ ನಿಲ್ದಾಣ. 2019ರ ನವೆಂಬರ್ 22ರಂದು ಉದ್ಘಾಟನೆ ಆಯಿತು, ಆವತ್ತು ನಾನೂ ಹೋಗಿ ಮೊದಲ ವಿಮಾನ ನೋಡಿ ಬಂದವನು. ಮೂರು ಕಿ.ಮೀ. ಮೀರಿದ ರನ್‌ವೇ ಇದೆ. ಬೆಂಗಳೂರಿಗೆ ಹಾರಿತು, ತಿರುಪತಿಗೆ ಹಾರಿತು, ದೆಹಲಿ ಪಕ್ಕದ ಹಿಂಡನ್‌ಗೂ ಹಾರಿತು, ಆಮೇಲೆ ಒಂದೊಂದೇ ನಿಂತವು. ಬೀದರ್‌ನಲ್ಲೂ ಅದೇ ಕಥೆ, 2020ರ ಫೆಬ್ರವರಿಯಲ್ಲಿ ಶುರುವಾಗಿ, ನಡುವೆ ನಿಂತು, 2025ರ ಏಪ್ರಿಲ್‌ನಲ್ಲಿ ಮತ್ತೆ ಶುರು ಆಯಿತು. ನಾನು ಗಿರಾಕಿಗಳನ್ನು ಹತ್ತಿಸಿಕೊಂಡು, ಒಂದು ವಿಮಾನ ನಿಲ್ದಾಣದ ಮುಂದೆಯೇ ಹಾದು, ಇನ್ನೊಂದು ವಿಮಾನ ನಿಲ್ದಾಣಕ್ಕೆ ಐದು ತಾಸು ಓಡಿಸುತ್ತೇನೆ. ಪರ ಊರಿನಿಂದ ಬಂದವರು ಬೋರ್ಡ್ ನೋಡಿ "ಇಲ್ಲೇ ಬಿಡಬಾರದಾ" ಅನ್ನುತ್ತಾರೆ. ಇಲ್ಲಿಂದ ದೊಡ್ಡ ವಿಮಾನ ಹಾರಿದರೆ ನನ್ನ ಬಾಡಿಗೆ ಹೋಗುತ್ತದೆ ಅನ್ನುವುದೂ ಗೊತ್ತು, ಆದರೂ ಹೇಳುತ್ತಿದ್ದೇನೆ. ಫೋನಿನಲ್ಲಿ ನಮ್ಮ ನಿಲ್ದಾಣ ಹುಡುಕಬೇಕಾದರೆ ಇವತ್ತಿಗೂ ಜಿಬಿಐ ಅಂತ ಒತ್ತಬೇಕು, ಗುಲ್ಬರ್ಗದ ಹೆಸರು ಅದರಲ್ಲೇ ಉಳಿದಿದೆ. 2014ರಲ್ಲಿ ಊರಿನ ಹೆಸರು ಬದಲಾಯಿತು, ವಿಮಾನದವರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಬೆಂಗಳೂರಿನ ವಿಮಾನ ಇದ್ದಾಗಲೂ ಲೆಕ್ಕ ಕೇಳಿ. ಪೇಪರಿನಲ್ಲಿ ಒಂದು ತಾಸು ಹತ್ತು ನಿಮಿಷ ಅಂತ ಬಂದಿತ್ತು. ಅದು ನಿಜವೇ. ಮನೆಯಿಂದ ಸರಡಗಿಗೆ ಅರ್ಧ ತಾಸು, ಅಲ್ಲಿ ಒಂದೂವರೆ ತಾಸು ಮುಂಚೆ, ಹಾರಿದ್ದು ಒಂದು ಚಿಲ್ಲರೆ, ದೇವನಹಳ್ಳಿಯಲ್ಲಿ ಇಳಿದು ಬೆಂಗಳೂರಿನ ಟ್ರಾಫಿಕ್‌ನಲ್ಲಿ ಜಯನಗರ ಮುಟ್ಟುವುದಕ್ಕೆ ಎರಡು. ಐದು ತಾಸು ಆಯಿತು. 2024ರ ಮಾರ್ಚ್‌ನಲ್ಲಿ ಶುರುವಾದ ವಂದೇ ಭಾರತ್ ರೈಲು ಕಲಬುರಗಿಯಿಂದ ಬೆಂಗಳೂರಿಗೆ ಒಂಬತ್ತು ತಾಸಿನೊಳಗೆ ಮುಟ್ಟಿಸುತ್ತದೆ. ಉಳಿಯುವುದು ಮೂರು ನಾಲ್ಕು ತಾಸು. ಅದೂ ಕಡಿಮೆ ಅಲ್ಲ, ಆಸ್ಪತ್ರೆಗೆ ಹೋಗುವವರಿಗೆ ಅದೇ ದೊಡ್ಡದು. ಆದರೆ "ಎಪ್ಪತ್ತು ನಿಮಿಷದಲ್ಲಿ ಬೆಂಗಳೂರು" ಅಂತ ದಪ್ಪಕ್ಷರದಲ್ಲಿ ಹಾಕಿದ್ದು ಮಾತ್ರ ನನಗೆ ಆಗಲೂ ಒಗ್ಗಿರಲಿಲ್ಲ.

ನಮ್ಮ ಅಜ್ಜ ದೂರವನ್ನು ಹರದಾರಿಯಲ್ಲಿ ಹೇಳುತ್ತಿದ್ದ. ಕೇಳಿದವರು ಮರಳಿ ಕೇಳುತ್ತಿದ್ದರಂತೆ, ನಡೆದು ಹೋಗುವವರಿಗೋ ಬಂಡಿಯಲ್ಲಿ ಹೋಗುವವರಿಗೋ, ನಡುವೆ ಹಳ್ಳ ಬಂದಿದೆಯೋ ಇಲ್ಲವೋ ಅಂತ. ಅಷ್ಟು ಕೇಳದೆ ಯಾರೂ ಬುತ್ತಿ ಕಟ್ಟುತ್ತಿರಲಿಲ್ಲ.

ಹಾಗಾಗಿ ನನ್ನ ಬೇಡಿಕೆ ದೊಡ್ಡದೇನಲ್ಲ. ಇಂಥ ಚೌಕ ಹಾಕಬೇಡಿ ಅನ್ನುತ್ತಿಲ್ಲ, ಮಂದಿ ಓದುತ್ತಾರೆ, ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಸಿಂಗಾಪುರದಿಂದ ನ್ಯೂಯಾರ್ಕ್‌ಗೆ 15,300 ಕಿ.ಮೀ. ಚಿಲ್ಲರೆ ದೂರವನ್ನು ಒಂದೇ ಉಸಿರಿಗೆ ಹಾರುವ ವಿಮಾನ ಇದೆ, ಹದಿನೆಂಟು ತಾಸು ದಾಟುತ್ತದೆ, ಅಂಥದ್ದನ್ನು ಹಾಕಿ, ಅಲ್ಲಿ ನೇರ ವಿಮಾನ ನಿಜವಾಗಿಯೂ ಓಡುತ್ತಿದೆ. ನೇರ ವಿಮಾನ ಇಲ್ಲದ ಊರಿಗೆ ಭಾಗಾಕಾರ ಮಾಡಿ ತಾಸು ಹಾಕಬೇಡಿ, ಅಷ್ಟೇ. ಹೋಗುವ ತಾಸು ಬೇರೆ, ಬರುವ ತಾಸು ಬೇರೆ ಬರೆಯಿರಿ. ಹೊರಡುವುದು ಯಾವ ಊರಿನ ಗಡಿಯಾರಕ್ಕೆ, ಇಳಿಯುವುದು ಯಾವ ಊರಿನ ಗಡಿಯಾರಕ್ಕೆ ಅಂತ ಅರ್ಧ ಸಾಲು ಸೇರಿಸಿ. ಜಾಗ ಇಲ್ಲ ಅಂದರೆ ಆ ಪಕ್ಕದ ರಾಶಿಭವಿಷ್ಯದಲ್ಲಿ ಎರಡು ಸಾಲು ಕಡಿಮೆ ಮಾಡಿದರೂ ನಡೆಯುತ್ತದೆ, ಹೋದ ವಾರ ನನ್ನ ರಾಶಿಗೆ ಧನಲಾಭ ಅಂತ ಇತ್ತು, ಟೈರ್ ಒಡೆಯಿತು.

ಅಕ್ಕಾರ ವಿಮಾನ ಬುಧವಾರ ನಸುಕಿನ ನಾಲ್ಕಕ್ಕೆ. ಮಂಗಳವಾರ ರಾತ್ರಿ ಎಂಟಕ್ಕೆ ಅವರ ಮನೆ ಮುಂದೆ ಕಾರು ನಿಲ್ಲಿಸುತ್ತೇನೆ. ಅಷ್ಟರೊಳಗೆ ಒಂದು ತಿದ್ದುಪಡಿ ಹಾಕಿದರೆ ಉಪಕಾರ ಆಗುತ್ತದೆ. ಇಲ್ಲದಿದ್ದರೆ ಅವರು ಹದಿನಾರು ತಾಸಿಗೆ ಎಷ್ಟು ಬೇಕೋ ಅಷ್ಟೇ ರೊಟ್ಟಿ ಕಟ್ಟಿಕೊಂಡು, ಆ ಚೌಕವನ್ನು ಪರ್ಸಿನಲ್ಲಿಟ್ಟುಕೊಂಡು, ಸೇಡಂ ದಾಟುವವರೆಗೂ ನನಗೆ ತೋರಿಸುತ್ತಾ ಕೂಡುತ್ತಾರೆ.

ಇಂತಿ,
ಒಬ್ಬ ಬಾಡಿಗೆ ಕಾರಿನ ಡ್ರೈವರ್
ಕಲಬುರಗಿ